ಊರು ಸಣ್ಣದು, ಕಣ್ಣು ದೊಡ್ಡದು

ಪತ್ತೇದಾರ ಎಂದ ಕೂಡಲೇ ಉದ್ದ ಕೋಟು, ಹ್ಯಾಟು, ಕೈಯಲ್ಲೊಂದು ಭೂತಗನ್ನಡಿ ಕಣ್ಣ ಮುಂದೆ ಬರುತ್ತವೆ. ಸಿನಿಮಾ ನೋಡಿ ಬೆಳೆದವರಿಗಾದರೆ ಪಿಸ್ತೂಲು, ಕಾರಿನ ಚೇಸಿಂಗು ನೆನಪಾಗುತ್ತದೆ. ಆದರೆ ಜಗತ್ತಿನ ತುಂಬ ಓದುಗರನ್ನು ಗಳಿಸಿದ ಪತ್ತೇದಾರರಲ್ಲಿ ಒಬ್ಬಳು ಹಳ್ಳಿಯ ಮುದುಕಿ. ಅವಳಿಗೆ ಮದುವೆಯಾಗಿಲ್ಲ, ಪೊಲೀಸ್ ಇಲಾಖೆಯ ಸಂಬಂಧವಿಲ್ಲ, ಕೈಯಲ್ಲಿ ಇರುವುದು ಉಣ್ಣೆಯ ಹೆಣಿಗೆ. ನಮ್ಮ ಬನಹಟ್ಟಿಯ ಓಣಿಗಳಲ್ಲಿ ಮಧ್ಯಾಹ್ನದ ಹೊತ್ತು ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುವ ಅಜ್ಜಿಯನ್ನು ನೆನಪಿಸಿಕೊಳ್ಳಿ. ಯಾರ ಮನೆಗೆ ಯಾರು ಬಂದರು, ಯಾರ ಮಗ್ಗ ಎರಡು ದಿನದಿಂದ ಸದ್ದು ಮಾಡಿಲ್ಲ ಎಂಬ ಲೆಕ್ಕವೆಲ್ಲ ಆಕೆಯ ಬಳಿ ಇರುತ್ತದೆ. ಆ ಅಜ್ಜಿಯ ಇಂಗ್ಲಿಷ್ ಅಕ್ಕನೇ ಮಿಸ್ ಮಾರ್ಪಲ್. ಅವಳನ್ನು ಸೃಷ್ಟಿಸಿದವರು ಅಗಾಥಾ ಕ್ರಿಸ್ಟಿ.

ಅಗಾಥಾ ಹುಟ್ಟಿದ್ದು 1890ರ ಸೆಪ್ಟೆಂಬರ್ 15ರಂದು, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಟಾರ್ಕಿ ಎಂಬ ಕಡಲತೀರದ ಊರಿನಲ್ಲಿ. ತಂದೆ ಫ್ರೆಡರಿಕ್ ಮಿಲ್ಲರ್ ಅಮೆರಿಕದವರು, ತಾಯಿ ಕ್ಲಾರಾ. ಮೂವರು ಮಕ್ಕಳಲ್ಲಿ ಈಕೆಯೇ ಕೊನೆಯವಳು. ಎಂಟು ವರ್ಷ ತುಂಬುವವರೆಗೆ ಮಗುವಿಗೆ ಓದು ಕಲಿಸಬಾರದು ಎಂಬುದು ತಾಯಿಯ ನಂಬಿಕೆಯಾಗಿತ್ತು. ಹುಡುಗಿ ಅಷ್ಟು ಕಾಯಲಿಲ್ಲ, ಐದು ವರ್ಷ ತುಂಬುವ ಹೊತ್ತಿಗೆ ತಾನೇ ಓದಲು ಕಲಿತುಬಿಟ್ಟಿದ್ದಳು. ಆದರೆ ಕಾಗುಣಿತ ಮಾತ್ರ ಕಡೆಯವರೆಗೂ ಕೈಕೊಡುತ್ತಲೇ ಇತ್ತು. ಮನೆಯಲ್ಲಿ ಆಕೆಯನ್ನು ಮಂದಗತಿಯ ಹುಡುಗಿ ಎಂದೇ ಎಣಿಸಿದ್ದರು.

ಹನ್ನೊಂದನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ಮನೆಯ ಹಣಕಾಸು ಬಿಗಿಯಾಯಿತು. ಸ್ವಲ್ಪ ದಿನ ಊರಿನ ಶಾಲೆ, ಆಮೇಲೆ ಪ್ಯಾರಿಸ್‌ನಲ್ಲಿ ಒಂದಿಷ್ಟು ಶಿಕ್ಷಣ, ಇಷ್ಟೇ ಆಕೆಯ ವಿದ್ಯಾಭ್ಯಾಸ. ಪದವಿ ಇರಲಿಲ್ಲ. ಪಿಯಾನೊ ಚೆನ್ನಾಗಿ ನುಡಿಸುತ್ತಿದ್ದರೂ ಜನರೆದುರು ಕೂತರೆ ಸಂಕೋಚದಿಂದ ಕೈ ನಡುಗುತ್ತಿತ್ತು. ಸಂಗೀತದ ಆಸೆ ಅಲ್ಲಿಗೇ ನಿಂತಿತು. ಹರೆಯದಲ್ಲಿ ಈಜಿಪ್ಟಿನ ಕೈರೋ ನಗರವನ್ನು ಹಿನ್ನೆಲೆಯಾಗಿಟ್ಟು ಒಂದು ಕಾದಂಬರಿ ಬರೆದರು. ಅದನ್ನು ಯಾರೂ ಪ್ರಕಟಿಸಲಿಲ್ಲ. ನೆರೆಯಲ್ಲಿದ್ದ ಲೇಖಕ ಈಡನ್ ಫಿಲ್ಪಾಟ್ಸ್ ಆ ಬರಹ ಓದಿ ಬುದ್ಧಿಮಾತು ಹೇಳಿ, ಬರೆಯುವುದನ್ನು ಬಿಡದಂತೆ ಧೈರ್ಯ ತುಂಬಿದರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಅದೇ ವರ್ಷದ ಕ್ರಿಸ್‌ಮಸ್ ಹಿಂದಿನ ದಿನ ವಾಯುದಳದ ಅಧಿಕಾರಿ ಆರ್ಚಿಬಾಲ್ಡ್ ಕ್ರಿಸ್ಟಿಯವರೊಂದಿಗೆ ಮದುವೆಯಾಯಿತು. ಗಂಡ ಯುದ್ಧಭೂಮಿಗೆ ಹೋದರು. ಅಗಾಥಾ ಟಾರ್ಕಿಯ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿ ಗಾಯಾಳುಗಳ ಶುಶ್ರೂಷೆಗೆ ನಿಂತರು. ಆಮೇಲೆ ಆಸ್ಪತ್ರೆಯ ಔಷಧ ವಿಭಾಗಕ್ಕೆ ಬಂದರು. ಓದಿ, ಪರೀಕ್ಷೆ ಬರೆದು 1917ರಲ್ಲಿ ಔಷಧ ಸಹಾಯಕಿಯ ಅರ್ಹತೆ ಪಡೆದರು. ಇಂದಿನ ನಮ್ಮ ಡಿ.ಫಾರ್ಮಾ ಓದುವ ಗೆಳೆಯರು ಮಾಡುವಂಥದೇ ಕೆಲಸ ಅದು. ಯಾವ ಔಷಧ ಎಷ್ಟಿದ್ದರೆ ಮದ್ದು, ಎಷ್ಟಾದರೆ ವಿಷ, ಎರಡು ಪದಾರ್ಥ ಕೂಡಿದರೆ ಏನಾಗುತ್ತದೆ ಎಂಬುದನ್ನು ಕಲಿಯಬೇಕು. ರೋಗಿಗಳು ಕಡಿಮೆ ಇದ್ದ ಹೊತ್ತಿನಲ್ಲಿ, ಸುತ್ತಲೂ ವಿಷದ ಬಾಟಲಿಗಳಿರುವಾಗ, ಒಂದು ಕೊಲೆಯ ಕಥೆ ಹೊಳೆಯಿತು. ಪತ್ತೇದಾರಿ ಕಾದಂಬರಿ ಬರೆಯುವುದು ನಿನ್ನಿಂದಾಗದು ಎಂದು ಅಕ್ಕ ಮ್ಯಾಜ್ ಹಿಂದೊಮ್ಮೆ ಹಾಕಿದ್ದ ಸವಾಲು ಮನಸ್ಸಿನಲ್ಲಿತ್ತು. ಯುದ್ಧದಿಂದ ತಪ್ಪಿಸಿಕೊಂಡು ಬಂದ ಬೆಲ್ಜಿಯಂ ನಿರಾಶ್ರಿತರು ಊರಿನಲ್ಲಿದ್ದರು. ಹೀಗೆ ಬೆಲ್ಜಿಯಂನ ನಿವೃತ್ತ ಪೊಲೀಸ್ ಅಧಿಕಾರಿ ಹರ್ಕ್ಯೂಲ್ ಪಾಯ್ರೋ ಹುಟ್ಟಿದ.

ಕಾದಂಬರಿ 1916ರಲ್ಲೇ ಸಿದ್ಧವಾಯಿತು. ಒಬ್ಬರಾದ ಮೇಲೊಬ್ಬರು ಪ್ರಕಾಶಕರು ಹಿಂದಿರುಗಿಸಿದರು. ಕಡೆಗೆ ಬಾಡ್ಲಿ ಹೆಡ್ ಎಂಬ ಸಂಸ್ಥೆಗೆ ಕಳಿಸಿದರೆ ಅಲ್ಲಿಂದ ಸುಮಾರು ಎರಡು ವರ್ಷ ಉತ್ತರವೇ ಇಲ್ಲ. ಅರ್ಜಿ ಹಾಕಿ ಫಲಿತಾಂಶಕ್ಕೆ ಕಾಯುವವರಿಗೆ ಆ ಎರಡು ವರ್ಷ ಎಂಥದು ಎಂದು ಬಿಡಿಸಿ ಹೇಳಬೇಕಿಲ್ಲ. ಉತ್ತರ ಬಂದಾಗ ಕೊನೆಯ ಅಧ್ಯಾಯ ಬದಲಿಸಬೇಕು ಎಂಬ ಷರತ್ತು ಇತ್ತು. ಬದಲಿಸಿ ಕೊಟ್ಟರು. 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' 1920ರಲ್ಲಿ ಹೊರಬಂತು. ಕೈಗೆ ಬಂದದ್ದು ಬರೀ 25 ಪೌಂಡ್. ಆದರೆ ಔಷಧ ಶಾಸ್ತ್ರದ ಪತ್ರಿಕೆಯೊಂದು, ಕಥೆಯಲ್ಲಿ ವಿಷದ ವಿವರ ಸರಿಯಾಗಿದೆ ಎಂದು ಮೆಚ್ಚಿ ಬರೆಯಿತು. ಆ ಮೆಚ್ಚುಗೆ ಅವರಿಗೆ ಬಹಳ ಸಂತೋಷ ಕೊಟ್ಟಿತ್ತು.

ಆಮೇಲಿನ ಆರು ವರ್ಷ ಏರುಗತಿಯದು. 1926ರಲ್ಲಿ 'ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್' ಬಂತು. ಕಿಂಗ್ಸ್ ಆಬಟ್ ಎಂಬ ಕಾಲ್ಪನಿಕ ಹಳ್ಳಿಯಲ್ಲಿ ನಡೆಯುವ ಕೊಲೆಯ ಕಥೆ ಅದು. ಅದರ ಕೊನೆ ಓದುಗರನ್ನು ಎಷ್ಟು ಬೆಚ್ಚಿಬೀಳಿಸಿತೆಂದರೆ, ಅದು ನ್ಯಾಯವೋ ಅನ್ಯಾಯವೋ ಎಂದು ಇಂದಿಗೂ ವಾದ ನಡೆಯುತ್ತದೆ. ಓದಿಲ್ಲದವರಿಗಾಗಿ ಅದನ್ನಿಲ್ಲಿ ಹೇಳುತ್ತಿಲ್ಲ.

ಅದೇ ವರ್ಷ ಬದುಕು ಮುರಿದುಬಿತ್ತು. ತಾಯಿ ತೀರಿಕೊಂಡರು. ಗಂಡ ಬೇರೊಬ್ಬ ಯುವತಿಯನ್ನು ಪ್ರೀತಿಸುತ್ತಿರುವುದಾಗಿ ಹೇಳಿ ವಿಚ್ಛೇದನ ಕೇಳಿದರು. ಡಿಸೆಂಬರ್ 3ರ ರಾತ್ರಿ ಏಳು ವರ್ಷದ ಮಗಳು ರೋಸಲಿಂಡ್‌ಳನ್ನು ಮನೆಯಲ್ಲಿ ಬಿಟ್ಟು ಅಗಾಥಾ ಕಾರು ತೆಗೆದುಕೊಂಡು ಹೊರಟರು. ಮರುದಿನ ಸರ್ರೆ ಪ್ರಾಂತ್ಯದ ನ್ಯೂಲ್ಯಾಂಡ್ಸ್ ಕಾರ್ನರ್ ಬಳಿ ಖಾಲಿ ಕಾರು ಸಿಕ್ಕಿತು. ಪೊಲೀಸರು, ಸಾವಿರಾರು ಸ್ವಯಂಸೇವಕರು, ವಿಮಾನಗಳು ಕೂಡ ಹುಡುಕಿದವು. ಪತ್ರಿಕೆಗಳಿಗೆ ದಿನವೂ ಅದೇ ಸುದ್ದಿ. ಹನ್ನೊಂದು ದಿನಗಳ ನಂತರ ದೂರದ ಹ್ಯಾರೊಗೇಟ್‌ನ ಹೋಟೆಲೊಂದರಲ್ಲಿ ಅವರು ಪತ್ತೆಯಾದರು. ನೋಂದಣಿ ಪುಸ್ತಕದಲ್ಲಿ ಬೇರೆ ಹೆಸರು ಬರೆಸಿದ್ದರು. ಅಡ್ಡಹೆಸರಾಗಿ ಕೊಟ್ಟದ್ದು ಗಂಡ ಪ್ರೀತಿಸಿದ ಯುವತಿಯದು. ಆ ದಿನಗಳಲ್ಲಿ ಏನಾಯಿತು ಎಂಬುದನ್ನು ಅವರು ಲೋಕಕ್ಕೆ ಪೂರ್ತಿಯಾಗಿ ವಿವರಿಸಲಿಲ್ಲ. ಆತ್ಮಕಥೆಯಲ್ಲಿಯೂ ಬರೆಯಲಿಲ್ಲ. ನೂರಾರು ರಹಸ್ಯ ಬಿಡಿಸಿದವರು ತಮ್ಮದೊಂದನ್ನು ಮಾತ್ರ ಗಂಟು ಕಟ್ಟಿಯೇ ಇಟ್ಟುಕೊಂಡರು.

1928ರಲ್ಲಿ ವಿಚ್ಛೇದನವಾಯಿತು. ಈಗ ಬರವಣಿಗೆ ಹವ್ಯಾಸವಲ್ಲ, ಹೊಟ್ಟೆಪಾಡು. ಮನಸ್ಸಿಲ್ಲದಿದ್ದರೂ, ಬರೆದದ್ದು ತನಗೇ ಇಷ್ಟವಾಗದಿದ್ದರೂ ಕೂತು ಬರೆದು ಮುಗಿಸಬೇಕಾಯಿತು. ತಾನು ವೃತ್ತಿಪರ ಲೇಖಕಿಯಾದದ್ದು ಆ ಕಷ್ಟದ ದಿನಗಳಲ್ಲಿಯೇ ಎಂದು ಅವರು ನಂತರ ನೆನಪಿಸಿಕೊಂಡಿದ್ದಾರೆ. ಅದೇ ವರ್ಷ ಒಬ್ಬರೇ ಓರಿಯಂಟ್ ಎಕ್ಸ್‌ಪ್ರೆಸ್ ರೈಲು ಹತ್ತಿ ಬಾಗ್ದಾದಿನ ಕಡೆ ಹೊರಟರು. ಎರಡು ವರ್ಷದ ನಂತರ ಇರಾಕಿನ ಊರ್ ಎಂಬ ಪ್ರಾಚೀನ ನಗರದ ಉತ್ಖನನದ ಜಾಗದಲ್ಲಿ ಪುರಾತತ್ವಜ್ಞ ಮ್ಯಾಕ್ಸ್ ಮ್ಯಾಲೋವನ್ ಪರಿಚಯವಾದರು. 1930ರ ಸೆಪ್ಟೆಂಬರಿನಲ್ಲಿ ಇಬ್ಬರೂ ಮದುವೆಯಾದರು. ವಯಸ್ಸಿನಲ್ಲಿ ಮ್ಯಾಕ್ಸ್ ಬಹಳ ಚಿಕ್ಕವರು, ಆದರೂ ಆ ದಾಂಪತ್ಯ ಕಡೆಯವರೆಗೂ ಉಳಿಯಿತು.

1930 ಇನ್ನೊಂದು ಕಾರಣಕ್ಕೂ ಮುಖ್ಯ. ಮಿಸ್ ಮಾರ್ಪಲ್‌ಳ ಮೊದಲ ಕಾದಂಬರಿ 'ದಿ ಮರ್ಡರ್ ಅಟ್ ದಿ ವಿಕಾರೇಜ್' ಬಂದದ್ದು ಆ ವರ್ಷ. ಈ ಅಜ್ಜಿ ಹುಟ್ಟಿದ ಬಗೆಯೇ ಸ್ವಾರಸ್ಯಕರ. 'ರೋಜರ್ ಅಕ್ರಾಯ್ಡ್' ಕಾದಂಬರಿಯಲ್ಲಿ ಊರ ಸುದ್ದಿಯನ್ನೆಲ್ಲ ಮನೆಯಲ್ಲಿ ಕೂತೇ ತಿಳಿದುಕೊಳ್ಳುವ, ವೈದ್ಯರ ಅಕ್ಕನ ಪಾತ್ರವೊಂದಿದೆ. ಆ ಕಥೆಯನ್ನು ನಾಟಕ ಮಾಡಿದವರು ಈ ನಡುವಯಸ್ಸಿನ ಹೆಂಗಸನ್ನು ತೆಗೆದು ಅಲ್ಲೊಬ್ಬ ಚೆಲುವೆಯನ್ನು ತಂದು ನಿಲ್ಲಿಸಿದರು. ಅಗಾಥಾಗೆ ಬೇಸರವಾಯಿತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಅಂಥ ಹೆಂಗಸಿಗೇ ಪತ್ತೇದಾರಿಯ ಪಟ್ಟ ಕೊಟ್ಟರು. ತಮ್ಮ ಅಜ್ಜಿಯ ಗೆಳತಿಯರ ಗುಣಗಳನ್ನೂ ಸೇರಿಸಿದರು.

ಮಾರ್ಪಲ್ ಇರುವುದು ಸೇಂಟ್ ಮೇರಿ ಮೀಡ್ ಎಂಬ ಕಾಲ್ಪನಿಕ ಹಳ್ಳಿಯಲ್ಲಿ. ಚರ್ಚು, ಪಾದ್ರಿ, ವೈದ್ಯ, ವಕೀಲ, ನಿವೃತ್ತ ಕರ್ನಲ್, ಮನೆಗೆಲಸದ ಹುಡುಗಿಯರು, ಹೂತೋಟ, ಸಂಜೆಯ ಚಹಾ. ಇಂಥ ಶಾಂತ ಊರಿನಲ್ಲಿ ಒಂದು ಕೊಲೆ ನಡೆಯುತ್ತದೆ. ಹಳ್ಳಿಯೇ ಏಕೆ? ನಗರದಲ್ಲಾದರೆ ಕೊಲೆಗಾರ ಲಕ್ಷ ಜನರಲ್ಲಿ ಯಾರಾದರೂ ಆಗಬಹುದು. ಹಳ್ಳಿಯಲ್ಲಿ ಹತ್ತೋ ಹನ್ನೆರಡೋ ಮಂದಿ. ಎಲ್ಲರೂ ಓದುಗರಿಗೆ ಪರಿಚಿತರು. ಪತ್ತೇದಾರಳಿಗೆ ಸಿಗುವ ಸುಳಿವು ನಮಗೂ ಸಿಗುತ್ತದೆ. ಆದರೂ ಅವಳಿಗೆ ಕಂಡದ್ದು ನಮಗೆ ಕಾಣುವುದಿಲ್ಲ. ಚದುರಂಗದ ಆಟದಂತೆ ಇಲ್ಲಿ ಮನೆಗಳೂ ಕಾಯಿಗಳೂ ಕಣ್ಣೆದುರಿಗೇ ಇರುತ್ತವೆ.

ಮಾರ್ಪಲ್‌ಳ ವಿಧಾನ ಸರಳ. ಎಲ್ಲಿಯೇ ಅಪರಾಧವಾಗಲಿ, ಅಲ್ಲಿನ ಶ್ರೀಮಂತನನ್ನೋ ಸುಂದರಿಯನ್ನೋ ನೋಡಿದಾಗ ಅವಳಿಗೆ ತನ್ನ ಊರಿನ ಅಂಗಡಿಕಾರನೋ ಕೆಲಸದ ಹುಡುಗಿಯೋ ನೆನಪಾಗುತ್ತಾರೆ. ಸಣ್ಣ ಸುಳ್ಳು ಹೇಳಿ ಸಿಕ್ಕಿಬಿದ್ದವನ ಮುಖದಲ್ಲಿ ಕಂಡದ್ದೇ ದೊಡ್ಡ ಸುಳ್ಳು ಹೇಳುವವನ ಮುಖದಲ್ಲೂ ಕಾಣುತ್ತದೆ. ಹಳ್ಳಿಯಲ್ಲಿ ಕೂತವಳಿಗೆ ಏನು ಗೊತ್ತು ಎಂದು ಲಂಡನ್‌ನ ಅಧಿಕಾರಿಗಳು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಮನುಷ್ಯ ಸ್ವಭಾವ ಎಲ್ಲ ಕಡೆ ಒಂದೇ, ಹಳ್ಳಿಯಲ್ಲಿ ಅದನ್ನು ಹತ್ತಿರದಿಂದ ನೋಡಲು ಸಿಗುತ್ತದೆ ಎಂಬುದು ಅವಳ ವಾದ.

ಈ ಕಥೆಗಳು ಹಳೆಯ ಇಂಗ್ಲೆಂಡಿನ ಸುಂದರ ಚಿತ್ರಗಳಷ್ಟೇ ಅಲ್ಲ. ಹಳ್ಳಿ ಬದಲಾದದ್ದನ್ನೂ ಅಗಾಥಾ ಗಮನಿಸಿದರು. 1950ರ 'ಎ ಮರ್ಡರ್ ಈಸ್ ಅನೌನ್ಸ್ಡ್' ಕಾದಂಬರಿಯಲ್ಲಿ, ಇಂಥ ದಿನ ಇಂಥ ಮನೆಯಲ್ಲಿ ಕೊಲೆ ನಡೆಯಲಿದೆ ಎಂದು ಸ್ಥಳೀಯ ಪತ್ರಿಕೆಯಲ್ಲಿ ಜಾಹೀರಾತು ಬರುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಕಾಲ ಅದು. ಮೊದಲಾದರೆ ಊರಿಗೆ ಬಂದವರ ಹಿಂದುಮುಂದು ಯಾರಿಗಾದರೂ ಗೊತ್ತಿರುತ್ತಿತ್ತು. ಈಗ ಎಲ್ಲಿಂದಲೋ ಬಂದವರು ತಾವು ಯಾರೆಂದು ಹೇಳಿಕೊಂಡರೋ ಅದೇ ನಿಜ, ಕೈಯಲ್ಲಿರುವ ರೇಷನ್ ಪುಸ್ತಕವೇ ಸಾಕ್ಷಿ. 1962ರ 'ದಿ ಮಿರರ್ ಕ್ರ್ಯಾಕ್ಡ್ ಫ್ರಮ್ ಸೈಡ್ ಟು ಸೈಡ್' ಹೊತ್ತಿಗೆ ಮಾರ್ಪಲ್‌ಳ ಹಳ್ಳಿಗೂ ಹೊಸ ಬಡಾವಣೆ, ಸೂಪರ್ ಮಾರ್ಕೆಟ್ ಬಂದಿವೆ. ನಮ್ಮ ಊರುಗಳ ಸುತ್ತ ಹೊಲಗಳೆಲ್ಲ ಪ್ಲಾಟುಗಳಾಗುತ್ತಿರುವುದನ್ನು ನೋಡುವವರಿಗೆ ಇದು ಹೊಸ ಸಂಗತಿಯಲ್ಲ.

ನೌಕರಿ ಹುಡುಕುವವರು ಈ ಅಜ್ಜಿಯಿಂದ ಕಲಿಯಬೇಕಾದದ್ದು ಇಲ್ಲಿದೆ. ದೊಡ್ಡ ಕಂಪನಿಯ ಹೆಸರು ಹೇಳಿ, ಕೆಲಸ ಖಾತ್ರಿ, ಮೊದಲು ಇಷ್ಟು ಹಣ ಹಾಕಿ ಎಂದು ಫೋನು ಬರುತ್ತದೆ. ಆಫರ್ ಲೆಟರ್ ಎಂಬ ಕಾಗದವೂ ಮೊಬೈಲಿಗೆ ಬರುತ್ತದೆ. ಮಾರ್ಪಲ್ ಆಗಿದ್ದರೆ ಹೆಣಿಗೆ ನಿಲ್ಲಿಸದೆ ಒಂದೇ ಪ್ರಶ್ನೆ ಕೇಳುತ್ತಿದ್ದಳು: ಈ ಮನುಷ್ಯ ಇಂಥವನು ಎಂದು ಅವನನ್ನು ಬಿಟ್ಟು ಬೇರೆ ಯಾರಾದರೂ ಹೇಳಿದ್ದಾರೆಯೇ? ಹೇಳಿದ್ದನ್ನೆಲ್ಲ ನಂಬದೆ ಒಂದು ಸಲ ವಿಚಾರಿಸುವುದು ಅನುಮಾನದ ರೋಗವಲ್ಲ, ವಿವೇಕ.

ಎರಡನೆಯ ಮಹಾಯುದ್ಧದಲ್ಲಿ ಅಗಾಥಾ ಮತ್ತೆ ಔಷಧ ವಿಭಾಗಕ್ಕೆ ಮರಳಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯಲ್ಲಿ ದುಡಿದರು. ಆಗಲೇ ಅವರು ಹೆಸರಾಂತ ಲೇಖಕಿ. ಬಾಂಬು ಬೀಳುತ್ತಿದ್ದ ಆ ದಿನಗಳಲ್ಲಿ ಪಾಯ್ರೋ ಮತ್ತು ಮಾರ್ಪಲ್ ಇಬ್ಬರ ಕೊನೆಯ ಕಾದಂಬರಿಗಳನ್ನೂ ಬರೆದು ಭದ್ರವಾಗಿ ಎತ್ತಿಟ್ಟರು. 'ಕರ್ಟನ್' 1975ರಲ್ಲಿ, 'ಸ್ಲೀಪಿಂಗ್ ಮರ್ಡರ್' 1976ರಲ್ಲಿ ಬೆಳಕು ಕಂಡವು.

ಔಷಧದ ಆ ತಿಳಿವಳಿಕೆ ಒಮ್ಮೆ ನಿಜವಾಗಿಯೂ ಒಂದು ಜೀವ ಉಳಿಸಿತು. 1961ರ 'ದಿ ಪೇಲ್ ಹಾರ್ಸ್' ಕಾದಂಬರಿಯಲ್ಲಿ ಥ್ಯಾಲಿಯಂ ಎಂಬ ವಿಷದ ಲಕ್ಷಣಗಳ ವರ್ಣನೆ ಇದೆ. ಕೂದಲು ಉದುರುವುದು ಅದರಲ್ಲೊಂದು. 1977ರಲ್ಲಿ ಕತಾರ್‌ನಿಂದ ಲಂಡನ್ ಆಸ್ಪತ್ರೆಗೆ ತಂದ ಪುಟ್ಟ ಮಗುವಿನ ರೋಗ ವೈದ್ಯರಿಗೆ ತಿಳಿಯಲಿಲ್ಲ. ಈ ಕಾದಂಬರಿ ಓದುತ್ತಿದ್ದ ನರ್ಸ್ ಒಬ್ಬರು ಲಕ್ಷಣಗಳನ್ನು ಗುರುತಿಸಿದರು. ಪರೀಕ್ಷೆಯಲ್ಲಿ ಥ್ಯಾಲಿಯಂ ಎಂದೇ ಗೊತ್ತಾಯಿತು. ಮಗು ಚೇತರಿಸಿಕೊಂಡಿತು.

ಅಗಾಥಾಗೆ ಬರೆಯಲು ಪ್ರತ್ಯೇಕ ಕೋಣೆ ಬೇಕೆಂಬ ಹಟವಿರಲಿಲ್ಲ. ಗಟ್ಟಿಯಾದ ಮೇಜು, ಟೈಪ್‌ರೈಟರ್ ಇದ್ದರೆ ಸಾಕು. ಅವರ ನಂತರ ಎಪ್ಪತ್ತಕ್ಕೂ ಹೆಚ್ಚು ನೋಟ್‌ಬುಕ್‌ಗಳು ಸಿಕ್ಕವು. ಕೊಲೆಯ ಯೋಜನೆಗಳ ಜೊತೆಯಲ್ಲೇ ಮನೆಯ ಸಾಮಾನಿನ ಪಟ್ಟಿಯೂ ಅವುಗಳಲ್ಲಿದೆ. ಹೀಗೆ ಬರೆದದ್ದು 66 ಪತ್ತೇದಾರಿ ಕಾದಂಬರಿಗಳು, 14 ಕಥಾಸಂಕಲನಗಳು. ಮೇರಿ ವೆಸ್ಟ್‌ಮಕಾಟ್ ಎಂಬ ಹೆಸರಿನಲ್ಲಿ ಇನ್ನೂ ಆರು ಕಾದಂಬರಿಗಳಿವೆ. 1952ರಲ್ಲಿ ಲಂಡನ್‌ನಲ್ಲಿ ಶುರುವಾದ ಅವರ ನಾಟಕ 'ದಿ ಮೌಸ್‌ಟ್ರ್ಯಾಪ್' ದಶಕಗಳ ಕಾಲ ಬಿಡುವಿಲ್ಲದೆ ನಡೆದು, ಕೊರೊನಾ ಕಾಲದಲ್ಲಷ್ಟೇ ನಿಂತು, 2021ರಲ್ಲಿ ಮತ್ತೆ ತೆರೆ ಎತ್ತಿತು. 1971ರಲ್ಲಿ ಬ್ರಿಟಿಷ್ ಸರ್ಕಾರ 'ಡೇಮ್' ಗೌರವ ನೀಡಿತು. 1976ರ ಜನವರಿ 12ರಂದು ವಾಲಿಂಗ್‌ಫರ್ಡ್ ಬಳಿಯ ಮನೆಯಲ್ಲಿ ಅಗಾಥಾ ಕೊನೆಯುಸಿರೆಳೆದರು. ಚೋಲ್ಸಿ ಎಂಬ ಹಳ್ಳಿಯ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ ಅವರ ಸಮಾಧಿ ಇದೆ.

ಕನ್ನಡಕ್ಕೂ ಇಂಥ ಪರಂಪರೆ ಇದೆ. ನಾಲ್ಕನೆಯ ತರಗತಿವರೆಗೆ ಮಾತ್ರ ಓದಿದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಕನ್ನಡ ಓದಲು ಕಲಿತವರಿದ್ದಾರೆ. ರಾಜ್ಯೋತ್ಸವದಂದು ನಾವು ಹಾರಿಸುವ ಹಳದಿ ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ.

ಸಂದರ್ಶನಕ್ಕೆ ಬೆಂಗಳೂರಿಗೋ ಪುಣೆಗೋ ಹೋದಾಗ ಊರಿನ ಹೆಸರು ಹೇಳಲು ನಮ್ಮಲ್ಲಿ ಹಲವರ ದನಿ ತಗ್ಗುತ್ತದೆ. ಮಗ್ಗದ ಮನೆಯಲ್ಲಿ ಬೆಳೆದವರಿಗೆ ನೂಲಿನ ಲೆಕ್ಕ, ಸಾಲದ ಲೆಕ್ಕ, ಸಂತೆಯ ವ್ಯವಹಾರ, ಮಾತು ಉಳಿಸಿಕೊಳ್ಳುವವರು ಯಾರು, ತಪ್ಪುವವರು ಯಾರು ಎಂಬುದೆಲ್ಲ ಚಿಕ್ಕಂದಿನಿಂದಲೇ ಗೊತ್ತಿರುತ್ತದೆ. ಅದನ್ನು ಬಯೊಡೇಟಾದಲ್ಲಿ ಬರೆಯಲು ಕಾಲಂ ಇರುವುದಿಲ್ಲ, ಅಷ್ಟೇ. ಆಸ್ಪತ್ರೆಯ ಬಾಟಲಿಗಳಿಂದ, ಅಜ್ಜಿಯ ಗೆಳತಿಯರ ಹರಟೆಯಿಂದ ಅಗಾಥಾ ತಮ್ಮ ಬಂಡವಾಳ ಕೂಡಿಸಿಕೊಂಡರು. ಮುಂದಿನ ಪರೀಕ್ಷೆಯ ಪುಸ್ತಕಕ್ಕೆಂದು ಗ್ರಂಥಾಲಯಕ್ಕೆ ಹೋದಾಗ, ಪಕ್ಕದ ಕಪಾಟಿನಲ್ಲಿ ಮಿಸ್ ಮಾರ್ಪಲ್ ಇದ್ದಾಳೆಯೇ ಎಂದು ಒಮ್ಮೆ ಹುಡುಕಿ. ಸಂಜೆ ಮನೆಗೆ ಹೋಗುವಾಗ ಕಟ್ಟೆಯ ಮೇಲಿನ ಅಜ್ಜಿಯ ಬಳಿಯೂ ಹತ್ತು ನಿಮಿಷ ಕೂತು ಬನ್ನಿ.