ಕಾಯಕಯೋಗಿ ನುಲಿಯ ಚಂದಯ್ಯನವರು

ಮಾನವನು ಹುಟ್ಟಿದ ಕ್ಷಣದಿಂದಲೇ ಋಣಿ. ತಾಯಿಯ ಹಾಲು, ಮಣ್ಣಿನ ಬೆಳೆ, ಮುಗಿಲಿನ ಮಳೆ, ನೆರೆಯವರ ನೆರವು ಇವಾವುವನ್ನೂ ಅವನು ತಾನಾಗಿ ನಿರ್ಮಿಸಿಕೊಂಡವನಲ್ಲ. ಪಡೆದುದನ್ನು ನೆನೆಯುವುದೇ ಕೃತಜ್ಞತೆಯೆಂದು ಲೋಕವು ಹೇಳುತ್ತದೆ. ಶರಣರಾದರೋ ಅದಕ್ಕಿಂತ ಒಂದು ಹೆಜ್ಜೆ ಮುಂದೆ ನಡೆದರು. ನೆನೆದರೆ ಸಾಲದು, ದಿನದಿನವೂ ಶುದ್ಧ ಮನಸ್ಸಿನಿಂದ ದುಡಿದು ಆ ಋಣವನ್ನು ಸಲ್ಲಿಸಬೇಕೆಂದು ಅವರು ಬಾಳಿ ತೋರಿದರು. ಈ ತತ್ತ್ವಕ್ಕೆ ನುಲಿಯ ಚಂದಯ್ಯನವರ ಜೀವನವು ಉಜ್ಜ್ವಲವಾದ ನಿದರ್ಶನವಾಗಿದೆ.

ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಸುತ್ತಣ ಸದ್ಭಕ್ತರಿಗೆ ಈ ಶರಣರು ದೂರದವರಲ್ಲ. 1997ರವರೆಗೆ ಶಿವಮೊಗ್ಗ ಜಿಲ್ಲೆಗೆ ಸೇರಿದ್ದು, ಆ ವರ್ಷ ದಾವಣಗೆರೆ ಜಿಲ್ಲೆಗೆ ಸೇರಿದ ಈ ತಾಲ್ಲೂಕಿಗೆ ನೆರೆಯದು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕು. ಆ ತಾಲ್ಲೂಕಿನ ನುಲೇನೂರಿನಲ್ಲಿ ಚಂದಯ್ಯನವರ ಗದ್ದುಗೆಯಿದೆ. ನಮ್ಮ ಸೀಮೆಯ ಒಕ್ಕಲು ಮನೆಗಳಿಗೆ ಅವರ ಕಾಯಕವೂ ಹೊಸದಲ್ಲ. ದನಕ್ಕೆ ಕಣ್ಣಿ, ಸೇದುವ ಬಾವಿಗೆ ಹಗ್ಗ, ಹೊರೆಗೆ ಕಟ್ಟು, ಕೂಸಿನ ತೊಟ್ಟಿಲಿಗೆ ನೇಣು, ಹೀಗೆ ಹಗ್ಗವನ್ನೇ ನೆಚ್ಚಿಕೊಂಡು ನಮ್ಮ ಹಿರಿಯರು ಬಾಳಿದರು. ಆ ಹಗ್ಗವನ್ನು ಹೊಸೆಯುವ ಸಾಮಾನ್ಯ ಕೆಲಸವನ್ನೇ ಶಿವಪೂಜೆಯಾಗಿ ಮಾಡಿಕೊಂಡ ಮಹಾತ್ಮರು ಚಂದಯ್ಯನವರು.

ಇವರು 12ನೆಯ ಶತಮಾನದವರು. ಹುಟ್ಟಿದ ಊರು ಇಂದಿನ ವಿಜಯಪುರ ಜಿಲ್ಲೆಯ ಶಿವಣಗಿ ಎಂದು ಹೇಳುತ್ತಾರೆ. ಬಸವಣ್ಣನವರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ ಬಂದ ಅಸಂಖ್ಯಾತ ಶರಣರಲ್ಲಿ ಇವರೂ ಒಬ್ಬರಾದರು. ನುಲಿಯೆಂದರೆ ಹುರಿ ಮಾಡಿದ ಹಗ್ಗ. ಆ ಕಾಯಕದಿಂದಲೇ ಇವರ ಹೆಸರಿನ ಹಿಂದೆ ಆ ಮಾತು ನಿಂತಿತು. ಚಂದೇಶ್ವರಲಿಂಗ ಎಂಬ ಅಂಕಿತದಲ್ಲಿ ಇವರು ರಚಿಸಿದ 48 ವಚನಗಳು ದೊರೆತಿವೆ. ಸಂಖ್ಯೆಯಲ್ಲಿ ಕಡಮೆಯಾದರೂ, ಕಾಯಕದ ಮಹಿಮೆಯನ್ನು ಇಷ್ಟು ನಿಷ್ಠುರವಾಗಿ ಸಾರುವ ವಚನಗಳು ವಿರಳ. ಗೂಳೂರು ಸಿದ್ಧವೀರಣ್ಣೊಡೆಯರು ಸಂಕಲಿಸಿದ ಶೂನ್ಯಸಂಪಾದನೆಯಲ್ಲಿಯೂ ಇವರ ಪ್ರಸಂಗಕ್ಕೆ ಗೌರವದ ಸ್ಥಾನವಿದೆ.

ಚಂದಯ್ಯನವರ ದಿನಚರಿ ಸರಳವಾದುದು. ಹುಲ್ಲನ್ನು ಕೊಯ್ದು ತರುವುದು, ಅದನ್ನು ಹದಗೊಳಿಸಿ ಹುರಿ ಮಾಡಿ ಹಗ್ಗ ಕಣ್ಣಿಗಳನ್ನು ಹೊಸೆಯುವುದು, ಅವನ್ನು ಮಾರುವುದು, ಬಂದ ಹಣದಿಂದ ಜಂಗಮ ದಾಸೋಹವನ್ನು ನಡೆಸಿ ಉಳಿದ ಪ್ರಸಾದವನ್ನು ತಾವು ಸ್ವೀಕರಿಸುವುದು. ಇಂದಿನ ದುಡಿಮೆ ಇಂದಿನ ದಾಸೋಹಕ್ಕೆ. ನಾಳಿನ ದಾಸೋಹಕ್ಕೆ ನಾಳೆ ಮತ್ತೆ ಹುಲ್ಲು ಕೊಯ್ಯಬೇಕು. ಕೂಡಿಡುವ ಮಾತೇ ಅಲ್ಲಿರಲಿಲ್ಲ. ನಾಳೆಯೂ ಹುಲ್ಲು ದೊರೆಯುವುದು, ಕೈಗೆ ಶಕ್ತಿ ಇರುವುದು, ಕೊಳ್ಳುವವರು ಬರುವರು ಎಂಬ ಭರವಸೆಯೇ ಅವರ ಶ್ರದ್ಧೆ.

ಇಂತಹ ಒಂದು ದಿನ ನಡೆದ ಸಂಗತಿಯನ್ನು ಶರಣಚರಿತೆಗಳು ವಿಸ್ತಾರವಾಗಿ ಬಣ್ಣಿಸುತ್ತವೆ. ಚಂದಯ್ಯನವರು ಹುಲ್ಲು ಕೊಯ್ಯುತ್ತಿರುವಾಗ ಅವರ ಅಂಗದ ಮೇಲಣ ಇಷ್ಟಲಿಂಗವು ಜಾರಿ ಬಿದ್ದಿತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ; ಹುಲ್ಲಿನ ಹೊರೆಯನ್ನು ಹೊತ್ತು ಮುಂದೆ ನಡೆದರು. ಲಿಂಗವು ಬೆನ್ನಹತ್ತಿ ಬಂದು ತನ್ನನ್ನು ಮರಳಿ ಸ್ವೀಕರಿಸಬೇಕೆಂದು ಬೇಡಿತು. ಭಕ್ತನನ್ನು ತಾನಾಗಿ ಬಿಟ್ಟು ಹೋದ ಲಿಂಗದ ಹಂಗು ತಮಗಿಲ್ಲ, ಜಂಗಮ ದಾಸೋಹಕ್ಕೆ ಹೊತ್ತು ಮೀರಬಾರದು ಎಂಬುದು ಅವರ ನಿಲುವಾಗಿತ್ತು.

ಈ ಕಥೆಯನ್ನು ಕೇಳಿದ ಭಕ್ತರ ಮನಸ್ಸಿನಲ್ಲಿ ಒಂದು ಸಂದೇಹ ಏಳುವುದು ಸಹಜ. ಪ್ರಾಣಕ್ಕೆ ಪ್ರಾಣವಾದ ಲಿಂಗವನ್ನೇ ಬಿಟ್ಟು ನಡೆಯುವುದು ಕೃತಘ್ನತೆಯಲ್ಲವೇ? ಅಂಗದ ಮೇಲೆ ಲಿಂಗವಿಲ್ಲದವನು ಭಕ್ತನೆನಿಸಿಕೊಳ್ಳುವನೇ? ಈ ಸಂದೇಹ ಶರಣರಿಗೂ ಬಂದಿತು. ಮಡಿವಾಳ ಮಾಚಯ್ಯನವರು ನಡುವೆ ಬಂದು, ಗುರು ಲಿಂಗ ಜಂಗಮ ಮೂರೂ ಒಂದೇ ವಸ್ತುವಿನ ಮೂರು ಮುಖಗಳು, ಒಂದನ್ನು ಬಿಟ್ಟು ಇನ್ನೊಂದನ್ನು ಪೂಜಿಸಿದರೆ ಪೂಜೆ ಅರೆಯಾಗುವುದೆಂದು ತಿಳಿಯಹೇಳಿದರು. ಚಂದಯ್ಯನವರು ಒಪ್ಪಿದರು; ಆದರೆ ಕಾಯಕದ ಕಟ್ಟಳೆಯನ್ನು ಮಾತ್ರ ಸಡಿಲಿಸಲಿಲ್ಲ. ತಮ್ಮೊಡನಿರುವ ಲಿಂಗವೂ ಕಾಯಕವನ್ನು ಮಾಡಬೇಕು, ತಾವು ಹೊಸೆದ ಹಗ್ಗವನ್ನು ಹೊತ್ತು ಮಾರಿ ಬರಬೇಕು ಎಂದು ವಿಧಿಸಿದರು. ಲಿಂಗದೇವನು ಅದಕ್ಕೂ ಸಮ್ಮತಿಸಿದನು. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕಕ್ಕೆ ಹೊರತಲ್ಲ ಎಂಬ ಅವರ ವಚನಗಳ ಸಾರವು ಈ ಪ್ರಸಂಗದಲ್ಲಿ ಮೂರ್ತಿವೆತ್ತಿದೆ.

ಮುಂದಿನ ಭಾಗವು ಇನ್ನೂ ಅರ್ಥವತ್ತಾದುದು. ಹಗ್ಗವನ್ನು ಹೊತ್ತು ಬಂದ ಲಿಂಗದೇವನನ್ನು ಬಸವಣ್ಣನವರು ಗುರುತಿಸಿದರು. ಭಕ್ತಿಯ ಭರದಲ್ಲಿ ಆ ಹಗ್ಗಕ್ಕೆ ಸಾವಿರ ಹೊನ್ನನ್ನು ಕೊಟ್ಟು ಕಳುಹಿದರು. ಅಷ್ಟು ಹಣವನ್ನು ಕಂಡ ಚಂದಯ್ಯನವರು ಸಂತೋಷಪಡಲಿಲ್ಲ. ಹಗ್ಗಕ್ಕೆ ಸಲ್ಲುವ ಬೆಲೆ ಎಷ್ಟೋ ಅಷ್ಟನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನು ಹಿಂದಿರುಗಿಸಿ ಬರುವಂತೆ ಹೇಳಿದರು. ಕೊಟ್ಟವರು ಬಸವಣ್ಣನವರು, ತಂದವನು ಲಿಂಗದೇವನು, ವಿನಿಯೋಗವಾಗುವುದು ಜಂಗಮ ದಾಸೋಹಕ್ಕೆ. ಆದರೂ ಸಲ್ಲದ ಹಣ ಸಲ್ಲದು ಎಂಬುದೇ ಅವರ ತೀರ್ಮಾನವಾಯಿತು.

ಮೇಲ್ನೋಟಕ್ಕೆ ಇದು ಬಿಗುಮಾನದಂತೆ ತೋರಬಹುದು. ವಿಚಾರಿಸಿ ನೋಡಿದರೆ ಇದರಲ್ಲಿಯೇ ನಿಜವಾದ ಕೃತಜ್ಞತೆಯ ಗುಟ್ಟು ಅಡಗಿದೆ. ಹೊನ್ನಿನ ರಾಶಿಯನ್ನು ಪಡೆದವನಿಗೆ ನಾಳೆ ಹುಲ್ಲು ಕೊಯ್ಯುವ ಅಗತ್ಯವಿಲ್ಲ. ದುಡಿಮೆ ನಿಂತರೆ ಹುಲ್ಲು ಕೊಟ್ಟ ನೆಲದೊಡನೆ, ಹಗ್ಗ ಕೊಳ್ಳುವ ಒಕ್ಕಲಿಗನೊಡನೆ, ಉಣ್ಣಲು ಬರುವ ಜಂಗಮನೊಡನೆ ಇದ್ದ ನಂಟೂ ಸಡಿಲವಾಗುವುದು. ಕೊಂಡವನಿಗೆ ಗಟ್ಟಿಯಾದ ಹಗ್ಗ, ಮಾರಿದವನಿಗೆ ತಕ್ಕ ಬೆಲೆ, ಹಸಿದವನಿಗೆ ಅನ್ನ. ಈ ಕೊಡುಕೊಳೆಯಲ್ಲಿ ಯಾರೂ ಯಾರ ಹಂಗಿಗೂ ಬೀಳುವುದಿಲ್ಲ, ಯಾರೂ ಯಾರಿಗೂ ಹೊರಗಿನವರಾಗುವುದಿಲ್ಲ. ಒಂದು ಹುಲ್ಲೆಸಳು ತಾನಾಗಿ ಏನನ್ನೂ ಕಟ್ಟಲಾರದು. ಹಲವು ಎಸಳುಗಳು ಕೂಡಿ ಹುರಿಗೊಂಡಾಗ ಎತ್ತನ್ನೂ ಹಿಡಿದು ನಿಲ್ಲಿಸುತ್ತವೆ. ಸಮಾಜವೂ ಹಾಗೆಯೇ.

ಕಂಡವರನ್ನು ಕಾಡಿ ಬೇಡಿ, ನೋಯಿಸಿ ತಂದ ಹಣದಿಂದ ಮಾಡುವ ದಾಸೋಹವು ಲಿಂಗಕ್ಕೆ ಅರ್ಪಿತವಾಗದೆಂದು ಚಂದಯ್ಯನವರು ಬೋಧಿಸಿದರು. ಈ ಬೋಧೆಯು ಅಂದಿನಷ್ಟೇ ಇಂದಿಗೂ ಸಲ್ಲುತ್ತದೆ. ನಲ್ಲೂರಿನ ಸೀಮೆಯಲ್ಲಿ ಅಡಕೆ ಮುಖ್ಯವಾದ ಬೆಳೆ. ಸಸಿ ನೆಟ್ಟು ಫಸಲನ್ನು ಕಾಣಲು ಹಲವು ವರ್ಷ ಕಾಯಬೇಕು. ನೀರು ಹಾಯಿಸಿದವರು, ಮರವೇರಿ ಕೊನೆ ಕೊಯ್ದವರು, ಕಾಯಿ ಸುಲಿದವರು, ಬೇಯಿಸಿದವರು, ಅಂಗಳದಲ್ಲಿ ಹರಡಿ ಒಣಗಿಸಿದವರು, ಇಷ್ಟು ಜನರ ಕೈಗಳನ್ನು ದಾಟಿಯೇ ಅಡಕೆ ಮಾರುಕಟ್ಟೆಯನ್ನು ಸೇರುವುದು. ಬೆಲೆ ಏರಿದ ವರ್ಷ ಆ ಕೈಗಳನ್ನು ಮರೆತು, ಕೂಲಿಯಲ್ಲಿ ಕಡಿತ ಮಾಡಿ, ತೂಕದಲ್ಲಿ ಮೋಸಮಾಡಿ, ಆ ಹಣದಿಂದ ಜಾತ್ರೆಯಲ್ಲಿ ಸಾವಿರ ಎಲೆ ಹಾಕಿಸಿದರೆ ಅದು ಚಂದಯ್ಯನವರು ಒಪ್ಪುವ ದಾಸೋಹವಲ್ಲ. ಬೆಲೆ ಇಳಿದ ವರ್ಷವೂ ದುಡಿದವನ ಕೂಲಿಯನ್ನು ಹೊತ್ತಿಗೆ ಸಲ್ಲಿಸಿ, ಮನೆಗೆ ಬಂದವರಿಗೆ ಇದ್ದುದರಲ್ಲಿ ಒಂದು ರೊಟ್ಟಿಯನ್ನು ಬಡಿಸಿದರೆ ಅದೇ ಲಿಂಗಾರ್ಪಿತ.

ಕಲ್ಯಾಣದಲ್ಲಿ ವಿಪ್ಲವವಾಗಿ ಶರಣರು ಚದುರಿದಾಗ, ಚಂದಯ್ಯನವರು ಚನ್ನಬಸವಣ್ಣನವರು ಮತ್ತು ಅಕ್ಕನಾಗಮ್ಮನವರೊಡನೆ ಉಳವಿಯ ಕಡೆಗೆ ನಡೆದರೆಂದೂ, ಬಳಿಕ ಅಕ್ಕನಾಗಮ್ಮನವರೊಡನೆ ತರೀಕೆರೆಯ ಪ್ರಾಂತಕ್ಕೆ ಬಂದರೆಂದೂ, ಕಡೆಯಲ್ಲಿ ನುಲೇನೂರಿನಲ್ಲಿ ಲಿಂಗೈಕ್ಯರಾದರೆಂದೂ ಸಂಪ್ರದಾಯವು ಹೇಳುತ್ತದೆ. ರಾಜ್ಯವು ಅಲ್ಲೋಲಕಲ್ಲೋಲವಾಯಿತು, ಮಹಾಮನೆ ಬರಿದಾಯಿತು, ಸಂಗಾತಿಗಳು ಅಗಲಿದರು. ಆದರೆ ಹುಲ್ಲು ಬೆಳೆಯುವೆಡೆಯಲ್ಲೆಲ್ಲ ಮಾಡಬಹುದಾದ ಕಾಯಕವು ಅವರದು. ಅಧಿಕಾರವನ್ನೋ ಐಶ್ವರ್ಯವನ್ನೋ ನಂಬಿದವರಿಂದ ಅವು ಕಳಚಿಹೋಗಬಹುದು. ಕೈಯ ಕಾಯಕವನ್ನೂ ಎದೆಯ ಲಿಂಗವನ್ನೂ ನಂಬಿದವರಿಗೆ ಯಾವ ಊರೂ ಪರವೂರಲ್ಲ.

ಕುಳುವ ಸಮಾಜದ ಬಂಧುಗಳು ಚಂದಯ್ಯನವರನ್ನು ತಮ್ಮ ಕುಲದ ಹಿರಿಯರೆಂದು ಭಕ್ತಿಯಿಂದ ನೆನೆಯುತ್ತಾರೆ. ನೂಲ ಹುಣ್ಣಿಮೆಯಂದು ಅವರ ಜಯಂತಿಯನ್ನು ಆಚರಿಸುತ್ತಾರೆ. ಲಿಂಗವಂತರೆಲ್ಲರೂ ಆ ನೆನಹಿನಲ್ಲಿ ಪಾಲುಗೊಳ್ಳುವುದು ಉಚಿತ. ಹಗ್ಗ ಹೊಸೆಯುವವನನ್ನು ಕೀಳಾಗಿ ಕಂಡು ಚಂದಯ್ಯನವರಿಗೆ ಹೂವೇರಿಸುವುದು ಶರಣಧರ್ಮವೆನಿಸದು.

ಸದ್ಭಕ್ತರು ಪ್ರತಿದಿನ ಲಿಂಗಪೂಜೆಗೆ ಕುಳಿತಾಗ, ಆ ದಿನದ ಅನ್ನವು ಯಾರ ಯಾರ ಕೈಗಳಿಂದ ಬಂದಿತೆಂಬುದನ್ನು ಒಮ್ಮೆ ನೆನೆಯಲಿ. ಎದ್ದ ಮೇಲೆ, ಅವರಿಗೆ ಸಲ್ಲಬೇಕಾದುದು ಸಂದಿದೆಯೇ ಎಂದು ವಿಚಾರಿಸಿಕೊಳ್ಳಲಿ. ತೋಟದಲ್ಲಿ, ಅಡುಗೆಮನೆಯಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಮಾಡುವ ಕೆಲಸವು ಚಂದಯ್ಯನವರ ಹಗ್ಗದಂತೆ ಗಟ್ಟಿಯಾಗಿರಲಿ, ಅದರ ಬೆಲೆಯು ಅವರ ಬೆಲೆಯಂತೆ ನ್ಯಾಯವಾಗಿರಲಿ. ಇಂತಹ ಬಾಳುವೆಯನ್ನು ಆ ಮಹಾಶರಣರ ಕೃಪೆಯು ನಮ್ಮೆಲ್ಲರಿಗೂ ಕರುಣಿಸಲೆಂದು ಪ್ರಾರ್ಥಿಸೋಣ. ಶರಣು ಶರಣಾರ್ಥಿ.