ಡಿಗ್ರಿ ಸಿಗದ ಹುಡುಗ, ಕೂಲಿಂಗ್ ಮೆಷಿನ್ನಿನ ಮೇಷ್ಟ್ರು

ತುಮಕೂರಿನಿಂದ ಗುಬ್ಬಿ ಕಡೆ ಬಸ್ಸಲ್ಲಿ ಹೋದರೆ ಮಲ್ಲಸಂದ್ರದ ಹತ್ತಿರ ಹಾಲಿನ ಡೈರಿ ಕಾಣುತ್ತೆ. ಗುಬ್ಬಿ, ಕುಣಿಗಲ್ ಕಡೆ ಹಳ್ಳಿಗಳಲ್ಲಿ ಬೆಳಿಗ್ಗೆ ಕರೆದ ಹಾಲು ಕೆಡಬಾರದು ಅಂದ್ರೆ ಅದನ್ನು ಬೇಗ 4 ಡಿಗ್ರಿ ಹತ್ತಿರಕ್ಕೆ ಇಳಿಸಬೇಕು. ಕೂಲಿಂಗ್ ಮೆಷಿನ್ ನಿಂತರೆ ಎಲ್ಲರಿಗೂ ತಕ್ಷಣ ಗೊತ್ತಾಗುತ್ತೆ. ಆದರೆ ಅದು ನಿಲ್ಲದೆ, ಅರ್ಧಂಬರ್ಧ ಕೆಲಸ ಮಾಡ್ತಾ ಕರೆಂಟ್ ಮಾತ್ರ ಪೂರ್ತಿ ತಿನ್ನುತ್ತಿದ್ದರೆ? ತಪ್ಪು ಎಲ್ಲಿದೆ ಅಂತ ಕಣ್ಣಿಗೆ ಕಾಣಲ್ಲ, ಅಳೆದೇ ನೋಡಬೇಕು. ಹಾಗೆ ಅಳೆಯೋದಕ್ಕೆ ದಾರಿ ಮಾಡಿದವರಲ್ಲಿ ಕಾರ್ಲ್ ವಾನ್ ಲಿಂಡೆ ಮುಖ್ಯರು.

ಲಿಂಡೆ ಹುಟ್ಟಿದ್ದು 1842ರಲ್ಲಿ, ಜರ್ಮನಿಯ ಬವೇರಿಯಾದ ಬೆರ್ನ್‌ಡಾರ್ಫ್ ಎಂಬ ಹಳ್ಳಿಯಲ್ಲಿ. ಅಪ್ಪ ಪಾದ್ರಿ. ಮಗ ಎಂಜಿನಿಯರಿಂಗ್ ಓದಲು ಜ್ಯೂರಿಚ್‌ಗೆ ಹೋದ. ಅಲ್ಲಿ ಪಾಠ ಮಾಡ್ತಿದ್ದವರು ಕ್ಲಾಸಿಯಸ್! ಹೌದು, ನಮ್ಮ ಥರ್ಮೋಡೈನಮಿಕ್ಸ್ ಪೇಪರ್‌ನಲ್ಲಿ ಬರೋ ಅದೇ ಕ್ಲಾಸಿಯಸ್. ಆದರೆ 1864ರಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯಲ್ಲಿ ಸೇರಿದ್ದಕ್ಕೆ ಲಿಂಡೆ ಡಿಗ್ರಿ ಇಲ್ಲದೆಯೇ ಹೊರಗೆ ಬರಬೇಕಾಯ್ತು. ಹತ್ತಿ ಗಿರಣಿ, ನಂತರ ಬರ್ಲಿನ್, ಮ್ಯೂನಿಕ್‌ನ ಕಾರ್ಖಾನೆಗಳಲ್ಲಿ ಕೆಲಸ ಮಾಡಿದರು. 1868ರಲ್ಲಿ ಮ್ಯೂನಿಕ್‌ನ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರಾದರು, 1872ರಲ್ಲಿ ಪ್ರೊಫೆಸರ್.

ಆಗಲೂ ಕೂಲಿಂಗ್ ಮೆಷಿನ್‌ಗಳು ಇದ್ದವು. ಆದರೆ ಅವು ಎಷ್ಟು ಚೆನ್ನಾಗಿ ಓಡಬಹುದಿತ್ತು ಎಂದು ಲೆಕ್ಕ ಹಾಕಿದವರು ಕಡಿಮೆ. ಲಿಂಡೆ 1870, 71ರಲ್ಲಿ ಲೇಖನ ಬರೆದು ಆ ಲೆಕ್ಕವನ್ನು ಮುಂದಿಟ್ಟರು. ನಮಗೆ ಗೊತ್ತಿರೋ ಸೂತ್ರದಲ್ಲೇ ನೋಡಿ. ಒಳಗೆ ಮೈನಸ್ 10, ಹೊರಗೆ 25 ಡಿಗ್ರಿ ಇದ್ದರೆ ಆದರ್ಶ ಸಿಒಪಿ 263 ಭಾಗಿಸು 35, ಅಂದರೆ ಸುಮಾರು 7.5. ಯಾರಾದರೂ 9 ಬರುತ್ತೆ ಅಂದ್ರೆ ಅದು ಸುಳ್ಳು. 3 ಬಂದರೆ ಉಳಿದದ್ದು ಎಲ್ಲಿ ಸೋರಿಹೋಯ್ತು ಅಂತ ಹುಡುಕಬೇಕು.

ಹುಡುಕುವ ಕೆಲಸ ಮೊದಲು ಅವರ ತಲೆಗೇ ಬಂತು. 1874ರಲ್ಲಿ ಮ್ಯೂನಿಕ್‌ನ ಸ್ಪಾಟನ್ ಬಿಯರ್ ಕಾರ್ಖಾನೆಯಲ್ಲಿ ಅವರ ಮೊದಲ ಮೆಷಿನ್ ಪರೀಕ್ಷೆಗೆ ನಿಂತಿತು. ಒಳಗಿದ್ದದ್ದು ಮೀಥೈಲ್ ಈಥರ್. ಕಂಪ್ರೆಸರ್‌ನ ಸೀಲ್ ಸರಿ ಹಿಡಿಯದೆ ಗ್ಯಾಸ್ ಸೋರುತ್ತಿತ್ತು. ಲಿಂಡೆ ಅದನ್ನು ಮುಚ್ಚಿಡಲಿಲ್ಲ. ಡಿಸೈನ್ ಬದಲಿಸಿದರು, ಈಥರ್ ಬಿಟ್ಟು ಅಮೋನಿಯಾ ಹಿಡಿದರು. ಹೀಗೆ ತಯಾರಾದ ಮೆಷಿನ್ ಟ್ರಿಯೆಸ್ಟ್‌ನ ಡ್ರೆಹರ್ ಬಿಯರ್ ಕಾರ್ಖಾನೆಯಲ್ಲಿ 1877ರಿಂದ 1908ರವರೆಗೂ ಓಡಿತು. ದೊಡ್ಡ ಡೈರಿ, ಕೋಲ್ಡ್ ಸ್ಟೋರೇಜ್‌ಗಳಲ್ಲಿ ಇವತ್ತಿಗೂ ಅಮೋನಿಯಾ ಬಳಸ್ತಾರೆ.

1879ರಲ್ಲಿ ಪ್ರೊಫೆಸರ್ ಕೆಲಸ ಬಿಟ್ಟು ಲಿಂಡೆ ಕಂಪನಿ ಶುರು ಮಾಡಿದರು. ಆಗ ಹೊಸ ತೊಂದರೆ. ಬೇರೆಯವರೂ ಮೆಷಿನ್ ಮಾರುತ್ತಿದ್ದರು, ಎಲ್ಲರೂ ತಮ್ಮದೇ ಶ್ರೇಷ್ಠ ಅನ್ನೋರು. ಕೊಳ್ಳುವವನು ಯಾರನ್ನು ನಂಬಬೇಕು? 1880ರ ದಶಕದ ಕೊನೆಗೆ ಮ್ಯೂನಿಕ್‌ನ ಪ್ರೊಫೆಸರ್ ಮಾರಿಟ್ಸ್ ಶ್ರೋಟರ್ ಬೇರೆ ಬೇರೆ ಬಗೆಯ ಮೆಷಿನ್‌ಗಳನ್ನು ಪರೀಕ್ಷಿಸಿ ವರದಿ ಅಚ್ಚು ಹಾಕಿಸಿದರು. ಕಂಪ್ರೆಸರ್‌ಗೆ ಎಷ್ಟು ಕೆಲಸ ಕೊಟ್ಟೆವು, ಉಪ್ಪುನೀರಿನಿಂದ ಎಷ್ಟು ಶಾಖ ತೆಗೆದೆವು ಅನ್ನೋದೇ ಮುಖ್ಯ ಲೆಕ್ಕ. ಲಿಂಡೆ ಬಿಟ್ಟ ಹುದ್ದೆಗೆ ಬಂದವರು ಇದೇ ಶ್ರೋಟರ್, ಹಾಗಾಗಿ ಅನುಮಾನ ಬರೋದು ಸಹಜ. ಆದರೆ ರೀಡಿಂಗ್‌ಗಳು ಅಚ್ಚಾಗಿದ್ದವು, ಯಾರು ಬೇಕಾದರೂ ಮತ್ತೆ ಲೆಕ್ಕ ಹಾಕಬಹುದಿತ್ತು. ನಂಬಿಕೆ ಹುಟ್ಟಿದ್ದು ಅದರಿಂದ. ಲಿಂಡೆಯ ಶಿಷ್ಯ ರುಡಾಲ್ಫ್ ಡೀಸೆಲ್ ಮಾಡಿದ ಎಂಜಿನ್ನನ್ನು 1897ರಲ್ಲಿ ಪರೀಕ್ಷಿಸಿದ್ದೂ ಶ್ರೋಟರ್ ಅವರೇ.

ಲಿಂಡೆ 1895ರಲ್ಲಿ ಗಾಳಿಯನ್ನೇ ದ್ರವ ಮಾಡಿದರು, 1902ರಲ್ಲಿ ಅದರಿಂದ ಆಕ್ಸಿಜನ್ ಬೇರೆ ಮಾಡಿದರು. 1934ರಲ್ಲಿ, 92ನೇ ವಯಸ್ಸಲ್ಲಿ ತೀರಿಕೊಂಡರು.

ಈಗ ನಮ್ಮ ವಿಷಯ. ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬರದಿದ್ರೆ ನಾವು ಏನು ಮಾಡ್ತೀವಿ? ಸೀನಿಯರ್ ರೆಕಾರ್ಡ್ ನೋಡಿ ಬರೀತೀವಿ. ನಾನೂ ಬರೆದಿದ್ದೀನಿ. ಆದರೆ ಆ ಸರಿ ಬರದ ರೀಡಿಂಗೇ ಮೆಷಿನ್ ತನ್ನ ಕಾಯಿಲೆ ಹೇಳೋ ರೀತಿ. ಸೀಲ್ ಸೋರಿದ್ದನ್ನು ಲಿಂಡೆ ಮುಚ್ಚಿಟ್ಟಿದ್ದರೆ ಆ ಎರಡನೇ ಮೆಷಿನ್ ಬರ್ತಾನೇ ಇರಲಿಲ್ಲ. ಮುಂದೆ ಯಾವುದೋ ಡೈರಿಯ ಕಂಪ್ರೆಸರ್ ಮುಂದೆ ನಾವೇ ನಿಂತಾಗ, ಕಾಪಿ ಹೊಡೆಯೋಕೆ ಅಲ್ಲಿ ಸೀನಿಯರ್ ರೆಕಾರ್ಡ್ ಇರಲ್ಲ.