ಗೆರೆ ದಾಟಿದ ಜಾಕ್ ಜಾನ್ಸನ್

ಬಾಕ್ಸಿಂಗ್ ಅಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಇಬ್ಬರು ಮನುಷ್ಯರು ದುಡ್ಡಿಗಾಗಿ ಮೂಗು ಬಾಯಿ ಒಡೆದುಕೊಳ್ಳುವುದು, ಅದನ್ನು ಸಾವಿರಾರು ಜನ ಟಿಕೆಟ್ಟು ತಗೊಂಡು ನೋಡುವುದು, ಇದು ಯಾವ ಸೀಮೆ ಆಟವೋ ಅಂತ ಅನ್ನುತ್ತಿದ್ದವನು ನಾನು. ಹಾಗಿದ್ದೂ ಈ ಸಲ ಬಳಗದ ಸಂಚಿಕೆಗೆ ಒಂದು ಜೀವನ ಚಿತ್ರ ಬರೆದುಕೊಡು ಎಂದು ಗೆಳೆಯರು ಗಂಟುಬಿದ್ದಾಗ ಕೊನೆಗೆ ನಾನು ಆರಿಸಿಕೊಂಡದ್ದು ಒಬ್ಬ ಬಾಕ್ಸರನನ್ನೇ. ನಿಜ ಹೇಳಬೇಕೆಂದರೆ ಮೊದಲು ಬರೆಯಬೇಕೆಂದಿದ್ದದ್ದು ನಮ್ಮ ಧಾರವಾಡದಲ್ಲಿ ಹುಟ್ಟಿದ ಕ್ರಿಕೆಟಿಗ ಪಾಲ್ವಣ್‌ಕರ್ ಬಾಳೂ ಅವರ ಬಗ್ಗೆ. ಅದನ್ನು ಬಿಟ್ಟು ಇದಕ್ಕೆ ಯಾಕೆ ಬಂದೆ ಎಂಬುದನ್ನು ಕೊನೆಗೆ ಹೇಳುತ್ತೇನೆ.

ಈ ಬಾಕ್ಸರನ ಹೆಸರು ಜಾನ್ ಆರ್ಥರ್ ಜಾನ್ಸನ್. ಲೋಕ ಅವನನ್ನು ಕರೆದದ್ದು ಜಾಕ್ ಜಾನ್ಸನ್ ಎಂದು. ಹುಟ್ಟಿದ್ದು 1878ರ ಮಾರ್ಚ್ 31ರಂದು, ಅಮೆರಿಕದ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಎಂಬ ಬಂದರಿನ ಊರಿನಲ್ಲಿ. ಅಪ್ಪ, ಅಮ್ಮ ಇಬ್ಬರೂ ಗುಲಾಮಗಿರಿಯಲ್ಲಿ ಬಾಳಿ ಬಂದವರು. ಗುಲಾಮಗಿರಿ ಕಾನೂನಿನಿಂದ ಅಳಿದದ್ದು 1865ರಲ್ಲಿ. ಅಂದರೆ ಈ ಮಗ ಹುಟ್ಟುವುದಕ್ಕೆ ಬರೇ 13 ವರ್ಷ ಮೊದಲು. ಅಪ್ಪ ಶಾಲೆಯೊಂದರಲ್ಲಿ ಕಸ ಗುಡಿಸಿ ಬಾಗಿಲು ಹಾಕುವ ಕೆಲಸದವ. ಮನೆ ತುಂಬ ಮಕ್ಕಳು. ಹುಡುಗ ಕೆಲವು ವರ್ಷ ಶಾಲೆ ಕಲಿತು ಆಮೇಲೆ ಹಡಗುಕಟ್ಟೆಯಲ್ಲಿ ಮೂಟೆ ಹೊರಲು ಹೋದ.

ಆ ಕಾಲದಲ್ಲಿ ಅಲ್ಲೊಂದು ವಿಕಾರ ಮೋಜು ನಡೆಯುತ್ತಿತ್ತು. ಏಳೆಂಟು ಕಪ್ಪು ಹುಡುಗರನ್ನು ಒಟ್ಟಿಗೇ ರಿಂಗಿನೊಳಗೆ ಬಿಡುವುದು, ಕೆಲವೊಮ್ಮೆ ಕಣ್ಣಿಗೆ ಬಟ್ಟೆಯನ್ನೂ ಕಟ್ಟುವುದು. ಕೊನೆಗೆ ನಿಂತವನಿಗೆ ಸುತ್ತ ಕೂತ ಬಿಳಿಯರು ಚಿಲ್ಲರೆ ಕಾಸು ಎಸೆಯುವುದು. ಜಾನ್ಸನ್ನನ ಮೊದಲ ಪಾಠಶಾಲೆ ಇಂಥದ್ದೇ. ಎರಡನೆಯ ಪಾಠಶಾಲೆ ಜೈಲು! 1901ರ ಫೆಬ್ರವರಿಯಲ್ಲಿ ಜೋ ಚೊಯಿನ್‌ಸ್ಕಿ ಎಂಬ ಪಳಗಿದ ಬಾಕ್ಸರನ ಎದುರು ಮೂರನೇ ರೌಂಡಿನಲ್ಲೇ ಅವನು ನೆಲಕಚ್ಚಿದ. ಟೆಕ್ಸಾಸಿನಲ್ಲಿ ಹಣಕ್ಕಾಗಿ ಮುಷ್ಟಿಯುದ್ಧ ಮಾಡುವುದು ಅಪರಾಧವಾಗಿತ್ತು. ಪೊಲೀಸರು ಗೆದ್ದವನನ್ನೂ ಸೋತವನನ್ನೂ ಒಂದೇ ಜೈಲಿಗೆ ಹಾಕಿದರು. ಮೂರು ವಾರಕ್ಕೂ ಮೇಲೆ ಒಳಗಿದ್ದ ಆ ಹಿರಿಯ, ಹೊಡೆತವನ್ನು ತಪ್ಪಿಸಿಕೊಳ್ಳುವ ವಿದ್ಯೆಯನ್ನು ಕಿರಿಯನಿಗೆ ಹೇಳಿಕೊಟ್ಟ. ಮುಂದೆ ಜಾನ್ಸನ್ ಹೆಸರಾದದ್ದು ಹೊಡೆಯುವುದಕ್ಕಿಂತ ಹೆಚ್ಚಾಗಿ, ಹೊಡೆಸಿಕೊಳ್ಳದೆ ಇರುವುದಕ್ಕೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಕಪ್ಪು ಬಾಕ್ಸರರಿಗೆ ಬಾಗಿಲು ಪೂರ್ತಿ ಮುಚ್ಚಿತ್ತು ಅಂತಲ್ಲ. ಹಗುರ ತೂಕದವರಲ್ಲಿ ಜಾರ್ಜ್ ಡಿಕ್ಸನ್, ಜೋ ಗ್ಯಾನ್ಸ್ ಎಂಬ ಕಪ್ಪು ಜನರು ಲೋಕದ ಚಾಂಪಿಯನ್ನರೇ ಆಗಿದ್ದರು. ಮುಚ್ಚಿದ್ದು ಹೆವಿವೇಟ್ ಪಟ್ಟದ ಬಾಗಿಲು. ಯಾಕೆಂದರೆ ಹೆವಿವೇಟ್ ಚಾಂಪಿಯನ್ ಅಂದರೆ ಭೂಮಿಯ ಮೇಲಿನ ಅತಿ ಬಲಶಾಲಿ ಗಂಡಸು ಅಂತ ಜನರ ಭಾವನೆ. ಆ ಜಾಗದಲ್ಲಿ ಕಪ್ಪು ಮನುಷ್ಯ ನಿಂತರೆ ಬಿಳಿಯರ ಹೆಚ್ಚುಗಾರಿಕೆಯ ಗತಿ ಏನು? ಇದನ್ನು ತಡೆಯಲು ಕಾನೂನು ಬೇಕಾಗಿರಲಿಲ್ಲ. ಚಾಂಪಿಯನ್ ಆದವನು ತಾನು ಕಪ್ಪು ಜನರ ಜೊತೆ ಆಡೋದಿಲ್ಲ ಎಂದರೆ ಮುಗಿಯಿತು. 1880ರ ದಶಕದಲ್ಲಿ ಚಾಂಪಿಯನ್ನನಾಗಿದ್ದ ಜಾನ್ ಎಲ್. ಸಲಿವನ್ ಹಾಗೆಯೇ ಹೇಳಿ, ಪೀಟರ್ ಜಾಕ್ಸನ್ ಎಂಬ ದೊಡ್ಡ ಕಪ್ಪು ಬಾಕ್ಸರನಿಂದ ತಪ್ಪಿಸಿಕೊಂಡ. ಇದಕ್ಕೆ ಬಣ್ಣದ ಗೆರೆ ಎಳೆಯುವುದು ಅಂತಲೇ ಅಲ್ಲಿ ಹೆಸರು.

ಬೇಸ್‌ಬಾಲಿನಲ್ಲೂ ಇದೇ ಕಥೆ. 1884ರಲ್ಲಿ ಮೋಸಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಟೊಲೀಡೊ ತಂಡದ ಪರವಾಗಿ ಮೇಜರ್ ಲೀಗಿನಲ್ಲೇ ಆಡಿದ್ದ. ಆಮೇಲೆ ಮಾಲೀಕರು ಒಳಗೊಳಗೇ ಒಪ್ಪಂದ ಮಾಡಿಕೊಂಡರು. ಇಂಥವರನ್ನು ಸೇರಿಸಬಾರದು ಎಂದು ಮೇಜರ್ ಲೀಗಿನ ನಿಯಮಗಳಲ್ಲಿ ಬರೆದಿರಲಿಲ್ಲ. ಆದರೂ ಅರುವತ್ತು ವರ್ಷ ಹೆಚ್ಚುಕಡಿಮೆ ಯಾರನ್ನೂ ಸೇರಿಸಲಿಲ್ಲ. ಬರೆದಿಟ್ಟ ಕಾಯಿದೆಯನ್ನಾದರೂ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಬರೆಯದೆ ನಡೆಸಿಕೊಂಡು ಬಂದದ್ದನ್ನು ಯಾರ ಮುಂದೆ ಒಯ್ಯುವುದು?

ಜಾನ್ಸನ್ 1903ರಲ್ಲಿ ಕಪ್ಪು ಜನರಿಗೆಂದೇ ಇದ್ದ ಬೇರೆ ಹೆವಿವೇಟ್ ಪಟ್ಟವನ್ನು ಗೆದ್ದ. ಆಗ ನಿಜವಾದ ಪಟ್ಟ ಜಿಮ್ ಜೆಫ್ರೀಸನ ಬಳಿ ಇತ್ತು. ಅವನು ಗೆರೆ ಎಳೆದು, 1905ರಲ್ಲಿ ಸೋಲನ್ನೇ ಕಾಣದೆ ನಿವೃತ್ತನಾಗಿ ಹೊಲಕ್ಕೆ ಹೋದ. ಮುಂದಿನ ವರ್ಷ ಪಟ್ಟ ಕೆನಡಾದ ಟಾಮಿ ಬರ್ನ್ಸನಿಗೆ ಬಂತು. ಜಾನ್ಸನ್ ಬಿಡಲಿಲ್ಲ. ಬರ್ನ್ಸ್ ಇಂಗ್ಲೆಂಡಿಗೆ ಹೋದರೆ ಇವನೂ ಇಂಗ್ಲೆಂಡಿಗೆ. ಅವನು ಆಸ್ಟ್ರೇಲಿಯಕ್ಕೆ ಹೋದರೆ ಇವನೂ ಆಸ್ಟ್ರೇಲಿಯಕ್ಕೆ. ಕೊನೆಗೆ ಗೆರೆ ಅಳಿಸಿದ್ದು ನ್ಯಾಯಬುದ್ಧಿಯಲ್ಲ, ದುಡ್ಡು. ಹ್ಯೂ ಮ್ಯಾಕಿಂಟಾಷ್ ಎಂಬ ವ್ಯಾಪಾರಿ ಬರ್ನ್ಸನಿಗೆ 30,000 ಡಾಲರ್ ಕೊಡುತ್ತೇನೆಂದ, ಬರ್ನ್ಸ್ ಒಪ್ಪಿದ. ಜಾನ್ಸನ್ನನಿಗೆ ಸಿಕ್ಕದ್ದು 5,000.

1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ಪಂದ್ಯ. ಜಾನ್ಸನ್ ಬೆಕ್ಕು ಇಲಿಯನ್ನು ಆಡಿಸುವಂತೆ ಆಡಿಸಿದ. ನಗುತ್ತಾ, ಎದುರಾಳಿಯನ್ನು ಛೇಡಿಸುತ್ತಾ, ಪ್ರೇಕ್ಷಕರ ಜೊತೆ ಮಾತಾಡುತ್ತಾ. 14ನೇ ರೌಂಡಿನಲ್ಲಿ ಪೊಲೀಸರು ನುಗ್ಗಿ ಪಂದ್ಯ ನಿಲ್ಲಿಸಿದರು. ಸಿನಿಮಾ ಕ್ಯಾಮೆರಾಗಳನ್ನೂ ನಿಲ್ಲಿಸಿದರು. ಬಿಳಿಯ ಚಾಂಪಿಯನ್ ಸೋತದ್ದು ಫಿಲ್ಮಿನಲ್ಲಿ ಉಳಿಯಬಾರದಲ್ಲ! ಹಾಗೆ 30ನೇ ವಯಸ್ಸಿಗೆ ಜಾನ್ಸನ್ ಲೋಕದ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ.

ಆಮೇಲೆ ಶುರುವಾಯಿತು ಹುಡುಕಾಟ. ಇವನನ್ನು ಕೆಡವಬಲ್ಲ ಬಿಳಿಯನೊಬ್ಬ ಬೇಕು. ಅಂದು ಸಿಡ್ನಿಯಲ್ಲಿ ವರದಿ ಮಾಡಲು ಬಂದಿದ್ದ ಕಾದಂಬರಿಕಾರ ಜಾಕ್ ಲಂಡನ್ನನೇ ಜೆಫ್ರೀಸ್ ಮರಳಿ ಬರಲಿ ಎಂದು ಬರೆದ. ಬಡವರ ಪರ ಬರೆದ ಲೇಖಕ ಎಂದು ನಾವು ಮೆಚ್ಚಿಕೊಂಡವನು! ಇದನ್ನು ಓದಿದಾಗ ನನಗೆ ನಿಜಕ್ಕೂ ಬೇಸರವಾಯಿತು. ಒಂದು ಅನ್ಯಾಯವನ್ನು ಕಂಡವನಿಗೆ ಪಕ್ಕದ ಅನ್ಯಾಯ ಕಂಡೇ ತೀರುತ್ತದೆ ಎಂದೇನೂ ಇಲ್ಲ.

ಜೆಫ್ರೀಸ್ ಬಂದ. ಬೊಜ್ಜು ಬೆಳೆದಿದ್ದ ಮೈಯನ್ನು ಎಷ್ಟೋ ಪೌಂಡು ಇಳಿಸಿಕೊಂಡು ಬಂದ. 1910ರ ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ. ಜಾಗ ನೆವಾಡ ರಾಜ್ಯದ ರೀನೋ. ಉರಿಬಿಸಿಲಿನಲ್ಲಿ ಸುಮಾರು 20,000 ಜನ, ಬಹುಪಾಲು ಬಿಳಿಯರೇ. ಅದುವರೆಗೆ ಒಮ್ಮೆಯೂ ನೆಲಕ್ಕೆ ಬೀಳದ ಜೆಫ್ರೀಸ್ 15ನೇ ರೌಂಡಿನಲ್ಲಿ ಮತ್ತೆ ಮತ್ತೆ ಬಿದ್ದ. ಅವನ ಕಡೆಯವರೇ ಪಂದ್ಯ ನಿಲ್ಲಿಸಲು ಓಡಿಬಂದರು.

ಸುದ್ದಿ ತಂತಿಯ ಮೂಲಕ ಹಬ್ಬಿದ ರಾತ್ರಿಯೇ ಹತ್ತಾರು ಊರುಗಳಲ್ಲಿ ಗಲಭೆ. ಸಂತೋಷಪಟ್ಟರು ಎಂಬ ಒಂದೇ ತಪ್ಪಿಗೆ ಕಪ್ಪು ಜನರ ಮೇಲೆ ಗುಂಪುಗಳು ಬಿದ್ದವು. ಸುಮಾರು 20 ಜನ ಸತ್ತರು. ರೀನೋದ ಫಿಲ್ಮನ್ನು ಊರೂರುಗಳಲ್ಲಿ ನಿಷೇಧಿಸಿದರು. 1912ರಲ್ಲಿ ಬಾಕ್ಸಿಂಗ್ ಫಿಲ್ಮುಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನೇ ಅಮೆರಿಕದ ಸರಕಾರ ಕಾನೂನಿನಿಂದ ತಡೆಯಿತು. ಗೆದ್ದದ್ದನ್ನು ತಪ್ಪಿಸಲಾಗದಿದ್ದರೆ, ನೋಡುವುದನ್ನಾದರೂ ತಪ್ಪಿಸಬೇಕು!

ರಿಂಗಿನಲ್ಲಿ ಸೋಲಿಸಲಾಗದವನನ್ನು ಕೋರ್ಟಿನಲ್ಲಿ ಸೋಲಿಸಿದರು. ಜಾನ್ಸನ್ ಬದುಕಿದ ರೀತಿಯೇ ಅವರಿಗೆ ತಡೆಯಲಾಗದ ಕಣ್ಣುರಿ. ಚಿನ್ನದ ಹಲ್ಲು, ವೇಗದ ಕಾರು, ದುಬಾರಿ ಸೂಟು, ಶಿಕಾಗೋದಲ್ಲಿ ಸ್ವಂತ ಹೋಟೆಲು. ಎಲ್ಲಕ್ಕಿಂತ ಮಿಗಿಲಾಗಿ ಅವನ ಜೊತೆಗಿದ್ದ ಹೆಂಗಸರು ಹೆಚ್ಚಾಗಿ ಬಿಳಿಯರು. 1911ರಲ್ಲಿ ಮದುವೆಯಾದ ಎಟ್ಟಾ ಡ್ಯೂರಿಯಾ ಕೂಡ. ಹೆಂಗಸರನ್ನು ಅನೈತಿಕ ಉದ್ದೇಶಕ್ಕಾಗಿ ರಾಜ್ಯದ ಗಡಿ ದಾಟಿಸಬಾರದು ಎಂದು 1910ರಲ್ಲಿ ಮ್ಯಾನ್ ಕಾಯಿದೆ ಬಂದಿತ್ತು. ಮೈ ಮಾರಿಸುವ ದಂಧೆಯನ್ನು ತಡೆಯಲು ಬಂದ ಆ ಕಾಯಿದೆಯನ್ನು ಈ ಬಾಕ್ಸರನ ಮೇಲೆ ಹೂಡಿದರು. ಲೂಸಿಲ್ ಕ್ಯಾಮರೂನ್ ಎಂಬಾಕೆಯ ಹೆಸರಿನಲ್ಲಿ ಹೂಡಿದ ಮೊದಲ ಮೊಕದ್ದಮೆ ನಿಲ್ಲಲಿಲ್ಲ. ಆಕೆ ಸಾಕ್ಷಿ ಹೇಳದೆ ಅವನನ್ನೇ ಮದುವೆಯಾದಳು. ಆಗ ಹಳೆಯ ಗೆಳತಿಯೊಬ್ಬಳನ್ನು ಹುಡುಕಿ ತಂದರು. 1913ರ ಜೂನಿನಲ್ಲಿ ಬಿಳಿಯರೇ ತುಂಬಿದ್ದ ಜ್ಯೂರಿ ತಪ್ಪಿತಸ್ಥನೆಂದಿತು. ಶಿಕ್ಷೆ ಒಂದು ವರ್ಷ ಒಂದು ದಿನ. ಜಾನ್ಸನ್ ಕೆನಡಾ ಮೂಲಕ ಫ್ರಾನ್ಸಿಗೆ ಪರಾರಿಯಾದ.

ಏಳು ವರ್ಷ ದೇಶ ಬಿಟ್ಟು ಅಲೆದ. 1915ರ ಏಪ್ರಿಲ್ 5ರಂದು ಕ್ಯೂಬಾದ ಹವಾನಾದಲ್ಲಿ ಆರೂವರೆ ಅಡಿ ಎತ್ತರದ ಜೆಸ್ ವಿಲ್ಲರ್ಡನಿಗೆ 26ನೇ ರೌಂಡಿನಲ್ಲಿ ಸೋತು ಪಟ್ಟ ಕಳಕೊಂಡ. ತಾನು ಬೇಕೆಂದೇ ಸೋತೆ ಅಂತ ಆಮೇಲೆ ಹೇಳಿಕೊಂಡ. 37 ವಯಸ್ಸಿನ ಮೈ ಬಿಸಿಲಿನಲ್ಲಿ ಸೋತಿತು ಅನ್ನುವುದೇ ನನಗೆ ಸರಿ ಕಾಣುತ್ತದೆ. 1920ರಲ್ಲಿ ಮೆಕ್ಸಿಕೋ ಗಡಿಯಲ್ಲಿ ತಾನಾಗಿ ಶರಣಾಗಿ, ಲೆವೆನ್‌ವರ್ತ್ ಜೈಲಿನಲ್ಲಿ ಶಿಕ್ಷೆ ಮುಗಿಸಿ 1921ರ ಜುಲೈನಲ್ಲಿ ಹೊರಬಂದ. ಸ್ಪ್ಯಾನರಿನಂಥ ಒಂದು ಉಪಕರಣವನ್ನು ಸುಧಾರಿಸಿದ್ದಕ್ಕೆ 1922ರಲ್ಲಿ ಅವನಿಗೆ ಪೇಟೆಂಟೂ ಸಿಕ್ಕಿತು. ಪಟ್ಟದ ಅವಕಾಶ ಮಾತ್ರ ಮತ್ತೆ ಸಿಗಲಿಲ್ಲ.

ಇದನ್ನೆಲ್ಲ ಕ್ಯಾಂಟೀನಿನಲ್ಲಿ ಹೇಳುತ್ತಿದ್ದಾಗ ಬಳಗದ ಗೆಳತಿಯೊಬ್ಬಳು ತಡೆದಳು. ಅವನು ಹೆಂಡತಿಯನ್ನು ಹೊಡೆಯುತ್ತಿದ್ದನಲ್ಲ, ಅದನ್ನು ಯಾಕೆ ನುಂಗುತ್ತೀ ಅಂತ ಕೇಳಿದಳು. ನಿಜ, ನಾನು ನುಂಗಿದ್ದೆ. ಎಟ್ಟಾಳನ್ನು ಅವನು ಆಸ್ಪತ್ರೆ ಸೇರುವಷ್ಟು ಹೊಡೆದದ್ದುಂಟು. 1912ರ ಸೆಪ್ಟೆಂಬರಿನಲ್ಲಿ ಆಕೆ ಆತ್ಮಹತ್ಯೆ ಮಾಡಿಕೊಂಡಳು. ಮೂರು ತಿಂಗಳೊಳಗೆ ಇವನು ಲೂಸಿಲ್‌ಳನ್ನು ಮದುವೆಯಾದ. ಇನ್ನೂ ಒಂದಿದೆ. ತಾನು ಚಾಂಪಿಯನ್ ಆದಮೇಲೆ ಸ್ಯಾಮ್ ಲ್ಯಾಂಗ್‌ಫರ್ಡನಂಥ ಶ್ರೇಷ್ಠ ಕಪ್ಪು ಬಾಕ್ಸರರಿಗೆ ಇವನೂ ಪಟ್ಟದ ಅವಕಾಶ ಕೊಡಲಿಲ್ಲ. ಬಿಳಿಯರ ಜೊತೆ ಆಡಿದರೆ ದುಡ್ಡು ಹೆಚ್ಚು. ತನ್ನನ್ನು ತಡೆದ ಗೆರೆಯನ್ನು ದಾಟಿದವನೇ ಹಿಂದಿರುಗಿ ಅದೇ ಗೆರೆ ಎಳೆದ!

ಹಾಗಾದರೆ ಅವನಿಗಾದದ್ದು ಸರಿಯೇ? ಎರಡು ರಾತ್ರಿ ಈ ಪ್ರಶ್ನೆ ನನ್ನನ್ನು ಕಾಡಿತು. ಹೆಂಡತಿಯನ್ನು ಹೊಡೆದದ್ದಕ್ಕೆ ಅವನನ್ನು ಜೈಲಿಗೆ ಹಾಕಿದ್ದರೆ ಅದು ನ್ಯಾಯವಾಗುತ್ತಿತ್ತು. ಆದರೆ ಅದಕ್ಕಾಗಿ ಯಾರೂ ಹಾಕಲಿಲ್ಲ. ಎಟ್ಟಾಳ ಪೆಟ್ಟು ಯಾವ ಸರಕಾರಕ್ಕೂ ಬೇಕಿರಲಿಲ್ಲ. ಹಾಕಿದ್ದು ಬಿಳಿ ಹೆಂಗಸಿನ ಜೊತೆ ಇದ್ದುದಕ್ಕೆ, ಗೆದ್ದು ನಕ್ಕದ್ದಕ್ಕೆ. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು ಅಂತ ನನಗೆ ಅನ್ನಿಸಿತು.

ಜಾನ್ಸನ್ ಇಳಿದ ಮೇಲೆ ಬಾಗಿಲು ಮತ್ತೆ ಮುಚ್ಚಿತು. 1920ರ ದಶಕದಲ್ಲಿ ಹ್ಯಾರಿ ವಿಲ್ಸ್ ಎಂಬ ಕಪ್ಪು ಬಾಕ್ಸರ್ ವರ್ಷಾನುಗಟ್ಟಲೆ ಕಾದರೂ ಚಾಂಪಿಯನ್ ಜಾಕ್ ಡೆಂಪ್ಸಿಯ ಜೊತೆ ಪಂದ್ಯ ನಡೆಯಲೇ ಇಲ್ಲ. 22 ವರ್ಷದ ಮೇಲೆ, 1937ರಲ್ಲಿ, ಜೋ ಲೂಯಿಸ್ ಪಟ್ಟ ಗೆದ್ದ. ಗೆಲ್ಲುವ ಮೊದಲೇ ಅವನ ಮ್ಯಾನೇಜರುಗಳು ನಿಯಮ ಹಾಕಿದ್ದರು: ಬಿಳಿ ಹೆಂಗಸರ ಜೊತೆ ಫೋಟೋ ತೆಗೆಸಿಕೊಳ್ಳಬಾರದು, ಬಿದ್ದವನ ಎದುರು ನಗಬಾರದು. ಅಂದರೆ ಜಾನ್ಸನ್ ಆಗಬಾರದು. 1947ರಲ್ಲಿ ಬೇಸ್‌ಬಾಲಿನ ಗೆರೆ ದಾಟಿದ ಜ್ಯಾಕಿ ರಾಬಿನ್ಸನ್ನನಿಗೂ ಬ್ರೂಕ್ಲಿನ್ ತಂಡದ ಬ್ರಾಂಚ್ ರಿಕಿ ಹಾಕಿದ ಷರತ್ತು, ಏನೇ ಬೈದರೂ ತಿರುಗಿ ಬೀಳಬಾರದು ಎಂಬುದು. ಬಿಳಿಯ ಆಟಗಾರನಿಗೆ ಚೆನ್ನಾಗಿ ಆಡಿದರೆ ಸಾಕು. ಕಪ್ಪು ಆಟಗಾರ ಚೆನ್ನಾಗಿ ಆಡಬೇಕು, ಜೊತೆಗೆ ಸಂತನೂ ಆಗಿರಬೇಕು.

ರಾಬಿನ್ಸನ್ ಮೇಜರ್ ಲೀಗಿನಲ್ಲಿ ಆಡುವುದನ್ನು ನೋಡಲು ಜಾನ್ಸನ್ ಉಳಿದಿರಲಿಲ್ಲ. 1946ರ ಜೂನ್ 10ರಂದು ಉತ್ತರ ಕೆರೊಲಿನಾದಲ್ಲಿ ಅವನ ಕಾರು ಅಪಘಾತಕ್ಕೆ ಸಿಕ್ಕಿತು. ದಾರಿಬದಿಯ ಊಟದ ಮನೆಯೊಂದರಲ್ಲಿ ಹಿಂದುಗಡೆ ಕೂತು ಉಣ್ಣು ಎಂದದ್ದಕ್ಕೆ ಸಿಟ್ಟಾಗಿ ಹೊರಟಿದ್ದ ಅಂತ ಹೇಳುತ್ತಾರೆ. 68 ವರ್ಷ ವಯಸ್ಸು. ವೇಗ ಆಗಲೂ ಕಡಿಮೆಯಾಗಿರಲಿಲ್ಲ. ಶಿಕಾಗೋದಲ್ಲಿ ಎಟ್ಟಾಳ ಪಕ್ಕದಲ್ಲೇ ಮಣ್ಣು ಮಾಡಿದರು. 1913ರ ಶಿಕ್ಷೆಗೆ ಅಮೆರಿಕದ ಅಧ್ಯಕ್ಷರ ಕ್ಷಮಾದಾನ ಬಂದದ್ದು 2018ರ ಮೇ ತಿಂಗಳಲ್ಲಿ, ಸತ್ತು 72 ವರ್ಷ ಆಗುತ್ತಾ ಬಂದಾಗ.

ಈಗ ಬಾಳೂ ಅವರ ಮಾತು. ಅವರು ಜಾನ್ಸನ್ನನಿಗಿಂತ ಎರಡು ಮೂರು ವರ್ಷ ದೊಡ್ಡವರು, ಚಮ್ಮಾರ ಜಾತಿಯವರು. ಪುಣೆಯಲ್ಲಿ ಹಿಂದೂ ತಂಡದವರು ಅವರ ಬೋಲಿಂಗಿನಿಂದ ಪಂದ್ಯ ಗೆದ್ದರು. ಚಹ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದರು. ಮೃದು ಸ್ವಭಾವದವರು, ಯಾರನ್ನೂ ಛೇಡಿಸಿದವರಲ್ಲ. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು. ಮರೀನ್ ಡ್ರೈವಿನಲ್ಲಿ ಬಸ್ಸಿನಿಂದ ಹಿಂದೂ ಜಿಮಖಾನಾ ಕಂಡಾಗಲೆಲ್ಲ ನನಗೆ ಆ ಕುಡಿಕೆ ನೆನಪಾಗುತ್ತದೆ.

ಬಾಳೂ ಅವರ ಬಗ್ಗೆ ಬರೆಯುವುದು ಸುಲಭವಿತ್ತು. ಅವರು ಒಳ್ಳೆಯವರು, ಓದಿದ ನೀವೂ ನಾನೂ ಅಯ್ಯೋ ಪಾಪ ಅಂದು ಪುಟ ಮಗುಚುತ್ತಿದ್ದೆವು. ಜಾನ್ಸನ್ನನಿಗೆ ಅಯ್ಯೋ ಪಾಪ ಅನ್ನಲು ಬಾಯಿ ಬರುವುದಿಲ್ಲ. ಆದರೂ ಪಟ್ಟಕ್ಕಾಗಿ ಕಾದಾಡುವ ಹಕ್ಕು ಅವನದೂ ಹೌದು ಎಂದು ಒಪ್ಪಲೇಬೇಕಾಗುತ್ತದೆ. ಅದಕ್ಕೇ ಅವನನ್ನು ಆರಿಸಿಕೊಂಡೆ. ಕ್ಯಾಂಟೀನಿನ ಗೆಳತಿ ಇನ್ನೂ ಪೂರ್ತಿ ಒಪ್ಪಿಲ್ಲ. ಮುಂದಿನ ಸಂಚಿಕೆಗೆ ಎಟ್ಟಾಳ ಕಡೆಯಿಂದ ಒಂದು ಬರಹ ಬರೆಯುತ್ತಾಳಂತೆ. ಬರೆಯಲಿ, ನಾನು ಕಾಯುತ್ತೇನೆ.